ಹಕ್ಕಿ ಇಲ್ಲ ಎಂದು ಬರೆದವರು

ಅಕ್ಕನ ತಿಥಿಯ ದಿನ ಎಡೆ ಇಟ್ಟು ಬಹಳ ಹೊತ್ತಾದರೂ ಕಾಗೆ ಬರಲಿಲ್ಲ. ತಾರಸಿಯ ಮೇಲೆ ಬಾಳೆ ಎಲೆ, ಎಲೆಯ ತುಂಬ ಅವರಿಗೆ ಇಷ್ಟವಾದದ್ದೆಲ್ಲ. ಸುತ್ತ ನೆಂಟರಿಷ್ಟರು ಬಿಸಿಲಿಗೆ ಕೈ ಅಡ್ಡ ಹಿಡಿದುಕೊಂಡು ಆಕಾಶ ನೋಡುತ್ತ ನಿಂತಿದ್ದರು. ಏನೋ ಆಸೆ ಉಳಿಸಿಕೊಂಡು ಹೋಗಿದ್ದಾಳೆ ಎಂದು ಅವರ ನಾದಿನಿ ಸೆರಗು ಬಾಯಿಗೆ ಒತ್ತಿಕೊಂಡರು. ಅಕ್ಕನೇ ಅಲ್ಲಿದ್ದಿದ್ದರೆ ಎಲ್ಲರಿಗೂ ಬೈದಿರುತ್ತಿದ್ದರು. ಭಾನುವಾರ ಮಧ್ಯಾಹ್ನ ಮಳವಳ್ಳಿಯ ಕಾಗೆಗಳೆಲ್ಲ ಮಾಂಸದಂಗಡಿಗಳ ಹಿಂದೆ ಇರುತ್ತವೆ, ನಿಮ್ಮ ಅನ್ನ ಮುಟ್ಟಲು ಯಾಕೆ ಬರುತ್ತವೆ ಎಂದು ಕೇಳಿರುತ್ತಿದ್ದರು. ನನಗೆ ಮೊದಲು ನಗು ಬಂತು, ಆಮೇಲೆ ತಡೆಯಲಾರದಷ್ಟು ಅಳು ಬಂತು.

ಹಕ್ಕಿಯ ಕೊರಗಿನಲ್ಲೇ ಸತ್ತರು ಎಂದು ಬರೆಯುವಷ್ಟು ದಡ್ಡಿ ನಾನಲ್ಲ. ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದಿತ್ತು. ಎಷ್ಟೋ ಜನರ ರಕ್ತ ಪರೀಕ್ಷೆ ಮಾಡಿದವರು ತಮ್ಮದನ್ನು ಮಾತ್ರ ನಾಳೆ ನೋಡೋಣ ಅನ್ನುತ್ತ ಬಂದಿದ್ದರು. ಆದರೆ ಕೊನೆಯ ಎರಡು ಬೇಸಿಗೆ ಅವರು ಒಂದು ಹಕ್ಕಿಯನ್ನೂ ಕತ್ತೆತ್ತಿ ನೋಡಲಿಲ್ಲ. ಅದು ಯಾಕೆ ಎಂಬುದು ನನ್ನೊಬ್ಬಳಿಗೇ ಪೂರ್ತಿ ಗೊತ್ತು, ಆದ್ದರಿಂದ ಬರೆಯುತ್ತಿದ್ದೇನೆ.

ಒಡಹುಟ್ಟಿದ ಅಕ್ಕನಲ್ಲ, ಅವರು ನಮ್ಮ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ನಾನು ಎದುರು ಕೋಣೆಯಲ್ಲಿ ಮಾತ್ರೆ ಕೊಡುವವಳು. ಗುಂಡಗೆ, ಕುಳ್ಳಗೆ ಇದ್ದರು. ಹಣೆಗೆ ಕಾಸಗಲ ಕುಂಕುಮ, ಕಾಲಿಗೆ ಗಂಡಸರ ಕ್ಯಾನ್ವಾಸ್ ಬೂಟು. ಸೀರೆಗೂ ಬೂಟಿಗೂ ಏನು ನಂಟು ಎಂದು ಯಾರಾದರೂ ಕೇಳಿದರೆ, “ಗದ್ದೆ ಬದೀಲ್ ಜಾರಿ ಬಿದ್ರೆ ನೀನ್ ಬಂದ್ ಎತ್ತೀಯಾ?” ಎಂದು ಬಾಯಿ ಮುಚ್ಚಿಸುತ್ತಿದ್ದರು. ದುರ್ಬೀನನ್ನು ಕತ್ತಿಗೆ ನೇತುಹಾಕಿಕೊಂಡು ತಿರುಗಿದವರಲ್ಲ. ಅದು ಊಟದ ಬ್ಯಾಗಿನಲ್ಲಿ, ಮುದ್ದೆ ಡಬ್ಬಿಯ ಪಕ್ಕದಲ್ಲಿ ಇರುತ್ತಿತ್ತು. ನಾನು ಮೊದಲ ಸಲ ಅದನ್ನು ಕಣ್ಣಿಗೆ ಹಿಡಿದಾಗ ಹಕ್ಕಿ ಕಾಣಿಸಲಿಲ್ಲ, ಬಸ್ಸಾರಿನ ವಾಸನೆ ಬಂತು.

ಅವರ ಬಾಯಿಗೆ ಹೆದರದವರು ಆಸ್ಪತ್ರೆಯಲ್ಲಿ ಯಾರೂ ಇರಲಿಲ್ಲ, ಡಾಕ್ಟರೂ ಸೇರಿ. ಒಮ್ಮೆ ಊರಿನ ದೊಡ್ಡ ಮನುಷ್ಯರೊಬ್ಬರು ವಿಮೆಗೆಂದು ಮೂತ್ರ ಪರೀಕ್ಷೆಗೆ ಬಂದರು. ರಿಪೋರ್ಟಿನಲ್ಲಿ ಸಕ್ಕರೆ ಇದೆ ಎಂದು ಬಂತು. ಅದನ್ನು ತೆಗೆದು ಬರೆದುಕೊಡಮ್ಮ ಎಂದು ಹಿಂಬಾಲಕರ ಕೈಲಿ ಹೇಳಿಸಿದರು, ಫೋನು ಮಾಡಿಸಿದರು, ಕೊನೆಗೆ ತಾವೇ ಲ್ಯಾಬಿನ ಬಾಗಿಲಿಗೆ ಬಂದು ನಿಂತರು. ಅಕ್ಕ ಎದ್ದು ನಿಂತು ಮರ್ಯಾದೆಯಿಂದಲೇ ಹೇಳಿದರು. “ಅಣ್ಣಾ, ಇರಾದ್ ಐತೆ ಅಂತೀನಿ, ಇಲ್ದಿರಾದ್ ಇಲ್ಲ ಅಂತೀನಿ. ನಿಮ್ ಉಚ್ಚೇಲ್ ಸಕ್ಕರೆ ಐತೆ. ಬ್ಯಾಡ ಅಂದ್ರೆ ಕಾಪೀಗ್ ಕಮ್ಮಿ ಆಕಿಸ್ಕಳಿ.” ಪಡಸಾಲೆಯಲ್ಲಿ ಕುಳಿತಿದ್ದ ರೋಗಿಗಳೆಲ್ಲ ನಕ್ಕರು. ಆ ಮನುಷ್ಯ ಮತ್ತೆ ನಮ್ಮ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ.

ಹಕ್ಕಿಯ ಹುಚ್ಚು ಅವರಿಗೆ ಎಲ್ಲಿಂದ ಬಂತೋ ನನಗೆ ತಿಳಿಯದು. ಕೇಳಿದಾಗಲೆಲ್ಲ ಬೇರೆ ಬೇರೆ ಕತೆ ಹೇಳಿದರು. ಹುಟ್ಟಿದ್ದು ವೈದ್ಯನಾಥಪುರದ ಹತ್ತಿರ, ಶಿಂಷಾ ಹೊಳೆಯ ದಂಡೆಯಲ್ಲಿ. ಬಟ್ಟೆ ಒಗೆಯಲು ಹೋದವಳು ಮಿಂಚುಳ್ಳಿ ನೋಡುತ್ತ ಕುಳಿತು ಅವ್ವನ ಸೀರೆಯನ್ನೇ ಹೊಳೆಗೆ ಬಿಟ್ಟೆ ಎಂಬುದು ಆ ಕತೆಗಳಲ್ಲಿ ಒಂದು. ಭಾನುವಾರ ಬಂತೆಂದರೆ ಸ್ಕೂಟರಿನ ಹಿಂದೆ ನನ್ನನ್ನು ಕೂರಿಸಿಕೊಂಡು ಹೊರಡುತ್ತಿದ್ದರು. ಒಂದು ವಾರ ಬೆಳಕವಾಡಿ ದಾರಿ, ಒಂದು ವಾರ ಕಬ್ಬಿನ ಗದ್ದೆಗಳ ನಡುವಿನ ನಾಲೆ ಏರಿ. ನನಗೆ ಹಕ್ಕಿಗಿಂತ ಅವರ ಮಾತೇ ಇಷ್ಟವಾಗಿತ್ತು, ಅದಕ್ಕೇ ಹೋಗುತ್ತಿದ್ದೆ. ಬಂಡೂರಿನ ಕಡೆ ಒಮ್ಮೆ ಕುರಿಹಿಂಡಿನ ಹಿಂದೆ ಹುಳು ಹೆಕ್ಕುತ್ತಿದ್ದ ಬೆಳ್ಳಕ್ಕಿಗಳನ್ನು ಅವರು ಎಣಿಸುತ್ತಿದ್ದಾಗ ಕುರಿಯವನು ಓಡಿ ಬಂದ.

“ಯಾವ್ ಆಪೀಸವ್ವಾ? ಕುರಿ ಲೆಕ್ಕ ಬರ್ಕತಾ ಇದ್ದೀರಾ?”

“ಕುರಿ ಅಲ್ಲ ಕಣಪ್ಪ, ಹಕ್ಕಿ.”

“ಹಕ್ಕೀಗೂ ಸಬ್ಸಿಡಿ ಬತ್ತದಾ?”

ಮಳವಳ್ಳಿಗೆ ಬರುವವರೆಗೂ ಅಕ್ಕ ಇದನ್ನು ಹೇಳಿಕೊಂಡು ನಕ್ಕರು. ಆದರೆ ಕೆಲಸಕ್ಕೆ ಕೂತರೆ ನಗು ಇಲ್ಲ. ಹಕ್ಕಿಯ ಹೆಸರು ಹೇಳಿದ ಕೂಡಲೇ ನಾನು ದುರ್ಬೀನು ಕೆಳಗಿಟ್ಟರೆ ಗದರುತ್ತಿದ್ದರು. “ಎಸ್ರು ಗೊತ್ತಾಯ್ತು ಅಂತ ನೋಡಾದ್ ನಿಲ್ಸ್‌ಬ್ಯಾಡ. ಅದೇನ್ ಮಾಡ್ತದೆ ನೋಡು. ನಿನ್ ಎಸ್ರು ಏಳ್ಬುಟ್ರೆ ನೀನ್ಯಾರು ಅಂತ ಗೊತ್ತಾಯ್ತದಾ?” ಕಂಡದ್ದನ್ನೆಲ್ಲ ಅಲ್ಲೇ ಫೋನಿನಲ್ಲಿ ಬರೆದು, ಹಕ್ಕಿ ನೋಡುವವರೆಲ್ಲ ಪಟ್ಟಿ ಹಾಕುವ ಒಂದು ಜಾಲತಾಣಕ್ಕೆ ಕಳಿಸುತ್ತಿದ್ದರು. ಜಾಗ, ಹೊತ್ತು, ಹಕ್ಕಿ, ಎಷ್ಟು ಎಂಬುದು. ಪಟ್ಟಿಯ ಕೊನೆಗೆ ಒಂದು ಪ್ರಶ್ನೆ ಇರುತ್ತದೆ: ಕಂಡ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ? ಹೌದು ಎಂದು ಒತ್ತಿದರೆ, ಪಟ್ಟಿಯಲ್ಲಿ ಇಲ್ಲದ ಹಕ್ಕಿ ಆವತ್ತು ಅಲ್ಲಿ ಇರಲಿಲ್ಲ ಎಂದೇ ಅರ್ಥ. ಅಕ್ಕ ಯಾವಾಗಲೂ ಹೌದು ಎಂದೇ ಒತ್ತುತ್ತಿದ್ದರು, ಅದಕ್ಕಾಗಿ ಕಾಗೆ ಗೊರವಂಕಗಳನ್ನೂ ಬಿಡದೆ ಬರೆಯುತ್ತಿದ್ದರು. ಹಕ್ಕಿ ಇಲ್ಲ ಅನ್ನುವುದೂ ಒಂದು ರಿಪೋರ್ಟೇ ಎಂದು ನನಗೆ ತಿಳಿಸಿ ಹೇಳಿದವರು ಅವರೇ.

ಶಿಂಷಾ ಹೊಳೆ ಮದ್ದೂರು ದಾಟಿ ಮಳವಳ್ಳಿ ಕಡೆಗೆ ಇಳಿಯುವ ಹಾದಿಯಲ್ಲಿ ಒಂದು ಹಳ್ಳಿ ಇದೆ. ಹೆಸರು ಬರೆಯುವುದಿಲ್ಲ. ಮುಚ್ಚಿಡುವಂಥದ್ದು ಈಗ ಅಲ್ಲಿ ಏನೂ ಉಳಿದಿಲ್ಲವಾದರೂ ಬರೆಯಲು ಕೈ ಬರುವುದಿಲ್ಲ. ಆ ಹಳ್ಳಿಯ ಹತ್ತಿರ ಹೊಳೆಯ ನಡುವೆ ಒಂದು ಮರಳ ದಿಬ್ಬ ಇತ್ತು. ಶಿವರಾತ್ರಿ ಕಳೆದು ನೀರು ಇಳಿದ ಮೇಲೆ ಅದರ ಬೆನ್ನು ಕಾಣಿಸುತ್ತಿತ್ತು. ಅಲ್ಲಿ ರೀವ ಎಂಬ ಹಕ್ಕಿಗಳು ಮೊಟ್ಟೆ ಇಡುತ್ತಿದ್ದವು. ಬೂದು ಮೈ, ಕರಿ ನೆತ್ತಿ, ಅರಿಸಿನ ಬಣ್ಣದ ಕೊಕ್ಕು, ಕತ್ತರಿಯ ಹಾಗೆ ಸೀಳಿದ ಬಾಲ. ಮೀನು ಹಿಡಿಯುವ ಸಿದ್ದಣ್ಣ ಅವಕ್ಕೆ ಬರೀ ಹೊಳೆ ಹಕ್ಕಿ ಅನ್ನುತ್ತಿದ್ದ. ಗೂಡು ಇಲ್ಲ, ಕಡ್ಡಿ ಇಲ್ಲ, ಬರಿಯ ಮರಳಿನ ಮೇಲೆ ಮೊಟ್ಟೆ. ಮರಳಿನದೇ ಬಣ್ಣವಾದ್ದರಿಂದ ಅಕ್ಕ ತೋರಿಸಿದ ಮೇಲೂ ನನಗೆ ಕಾಣಿಸಲಿಲ್ಲ.

ಅವರು ದಿಬ್ಬದ ಹತ್ತಿರ ಹೋದವರೇ ಅಲ್ಲ. ಆಚೆ ದಡದ ಹೊಂಗೆ ಮರದ ಕೆಳಗೆ ಕೊಡೆ ಬಿಚ್ಚಿಕೊಂಡು ಕೂತು, ಅಲ್ಲಿಂದಲೇ ನೋಡುತ್ತಿದ್ದರು. ಬಿಸಿಲು ಏರಿದಾಗ ಹಕ್ಕಿ ನೀರಿಗೆ ಹಾರಿ, ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತಿತ್ತು. ಮೊಟ್ಟೆ ಬೇಯಬಾರದು, ಅದಕ್ಕೆ. ಇದನ್ನು ಅವರು ನನಗೆ ತೋರಿಸಿದ ದಿನ ಅವರ ಧ್ವನಿಯೇ ಬೇರೆಯಾಗಿತ್ತು. “ನೋಡಮ್ಮಿ, ಒದ್ದೆ ಬಟ್ಟೆ ಆಕ್ದಂಗೆ,” ಅಂದರು. ನನ್ನ ಮಗಳಿಗೆ ಜ್ವರ ಬಂದಾಗ ನಾನು ಮಾಡಿದ್ದೂ ಅದನ್ನೇ.

ಆ ಸಂತೋಷದಲ್ಲಿ ಅವರು ಎಂದಿನಂತೆ ಪಟ್ಟಿ ಹಾಕಿದರು. ನದಿ ರೀವ, ಇಷ್ಟು ಹಕ್ಕಿ, ಮೊಟ್ಟೆ ಇಟ್ಟಿವೆ, ಹಕ್ಕಿಗಳು ಹೊಟ್ಟೆ ನೆನೆಸಿಕೊಂಡು ಬರುತ್ತಿವೆ. ಜೊತೆಗೆ ಜಾಗದ ಗುರುತು.

ಮುಂದಿನ ಭಾನುವಾರ ನಾವು ಹೋದಾಗ ಹೊಂಗೆ ಮರದ ಕೆಳಗೆ ಕಾರುಗಳು ನಿಂತಿದ್ದವು. ದಿಬ್ಬದ ಮೇಲೆ ಗಂಡಸರು ಹಸಿರು ಬಟ್ಟೆ ಹಾಕಿಕೊಂಡು, ಮೊಳಕೈ ಉದ್ದದ ಕ್ಯಾಮೆರಾ ಹಿಡಿದು ಹೊಟ್ಟೆಯ ಮೇಲೆ ಮಲಗಿದ್ದರು. ರೀವಗಳು ಮೇಲೆ ಕಿರುಚುತ್ತ ಸುತ್ತುತ್ತಿದ್ದವು, ಒಂದೂ ಕೆಳಗಿಳಿಯುವ ಹಾಗಿರಲಿಲ್ಲ. ಬಿಸಿಲು ನೆತ್ತಿಗೆ ಬಂದಿತ್ತು. ಅಕ್ಕ ಬೂಟು ಸಮೇತ ನೀರಿಗಿಳಿದರು. ಸೊಂಟದವರೆಗೆ ಸೀರೆ ನೆನೆಸಿಕೊಂಡು ಹೋಗಿ ಒಬ್ಬೊಬ್ಬರ ತಲೆಯ ಹತ್ತಿರ ನಿಂತು ಕೂಗಿದರು. “ಎದ್ದೇಳ್ರಯ್ಯ ಮ್ಯಾಕೆ! ಮೊಟ್ಟೆ ಬೇಯ್ತಾ ಅವೆ! ನಿಮ್ ಮನೇಲ್ ಎಳೆಗೂಸುಗಳಿಲ್ವಾ?”

ಅವರಲ್ಲಿ ಒಬ್ಬ ಎದ್ದು ಮರಳು ಕೊಡವಿಕೊಂಡ. ಒರಟನಲ್ಲ, ಓದಿದ ಹುಡುಗನೇ. “ಮೇಡಂ, ಸಿಟ್ಟಾಗಬೇಡಿ. ನಮಗೆ ಈ ಜಾಗ ಗೊತ್ತಾಗಿದ್ದೇ ಯಾರೋ ಹಾಕಿದ ಪಟ್ಟಿಯಿಂದ,” ಎಂದು ಫೋನು ತೋರಿಸಿದ. ಅದು ಅಕ್ಕನ ಪಟ್ಟಿ. ಆ ವರ್ಷ ಒಂದು ಮರಿಯೂ ಆಗಲಿಲ್ಲ. ಬಿಸಿಲಿಗೆ ಕೆಟ್ಟವು ಕೆಲವು, ಜನರ ಹೆಜ್ಜೆ ಜಾಡು ಹಿಡಿದು ಬಂದ ನಾಯಿಗಳ ಪಾಲಾದವು ಉಳಿದವು. ಚಿತ್ರಗಳು ಮಾತ್ರ ಚೆನ್ನಾಗಿ ಬಂದಿದ್ದವಂತೆ. ಆ ಮಂದಿಯ ಮೇಲಿನ ಸಿಟ್ಟು ನನಗೆ ಈಗಲೂ ಇಳಿದಿಲ್ಲ.

ಮರುವರ್ಷ ರೀವಗಳು ಮತ್ತೆ ಬಂದವು. ಅಕ್ಕ ಮರದ ಕೆಳಗೆ ಕೂತು, ನೋಡಿ, ಎಣಿಸಿ, ಪಟ್ಟಿ ಬರೆದರು. ಕಾಗೆ, ಗೊರವಂಕ, ಬೆಳ್ಳಕ್ಕಿ, ಮಿಂಚುಳ್ಳಿ ಎಲ್ಲ ಇತ್ತು, ರೀವ ಇರಲಿಲ್ಲ. ಕೊನೆಯ ಪ್ರಶ್ನೆಗೆ ಹೌದು ಎಂದು ಒತ್ತಿದರು.

“ಬರೀದೇ ಸುಮ್ನೆ ಇದ್ಬುಡಬೌದಲ್ಲಕ್ಕಾ?” ಎಂದು ಕೇಳಿದೆ.

“ಸುಮ್ನಿದ್ರೆ ಹುಡುಕ್ಕಂಡ್ ಬತ್ತಾರೆ ಕಣಮ್ಮಿ. ಜಾಗ ಗೊತ್ತಾಗೋಗೈತೆ. ನೋಡ್ದೆ, ಇಲ್ಲ ಅಂತ ಬರುದ್ರೇನೇ ಬರಾಕಿಲ್ಲ.” ಫೋನನ್ನು ಬ್ಯಾಗಿನೊಳಗೆ ತುರುಕಿದರು. ಆಮೇಲೆ, “ಸುಳ್ ರಿಪೋರ್ಟ್ ಕೊಟ್ಟೆ,” ಅಂದರು.

ಉಪಾಯ ಫಲಿಸಿತು. ಒಂದೆರಡು ಕಾರು ಬಂದು ಬರಿಗೈಲಿ ತಿರುಗಿ ಹೋದವೆಂದು ಸಿದ್ದಣ್ಣ ಹೇಳಿದ. ಹಕ್ಕಿ ಎಲ್ಲಿ ಎಂದು ಕೇಳಿದವರಿಗೆ ಅವನು ಮೇಲಿನ ಮಡುವಿನ ದಾರಿ ತೋರಿಸಿದ್ದನಂತೆ. ಆಮೇಲೆ ಯಾರೂ ಬರಲಿಲ್ಲ. ಹಾಗೆ ಕೆಲವು ಬೇಸಿಗೆಗಳು ಕಳೆದವು. ಮರಿಗಳು ಮರಳ ಮೇಲೆ ಓಡಾಡಿದವು, ರೆಕ್ಕೆ ಬಲಿತು ಹಾರಿದವು. ಅಕ್ಕ ಪ್ರತಿ ಭಾನುವಾರ ನೋಡಿದರು, ಪ್ರತಿ ಭಾನುವಾರ ಇಲ್ಲ ಎಂದು ಬರೆದರು. ಫೋಟೋ ತೆಗೆಯಲಿಲ್ಲ. ತೆಗೆದರೆ ಯಾರಾದರೂ ಇಸಿದುಕೊಂಡು ನೋಡಿಯಾರು ಎಂಬ ಭಯ. ಆ ದಿನಗಳಲ್ಲಿ ಅವರಷ್ಟು ಸುಖಿ ನನಗೆ ಯಾರೂ ಕಾಣಲಿಲ್ಲ. ಒಂದು ಮರಿ ಮೊದಲ ಸಲ ಹಾರಿ, ನೀರಿಗೆ ಬಿದ್ದು, ಮತ್ತೆ ಎದ್ದು ಹಾರಿದಾಗ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಬಳೆ ಒಡೆಯಿತು.

ಆಮೇಲೆ ಒಡ್ಡು ಬಂತು.

ಅದು ತಪ್ಪು ಎಂದು ನಾನು ಹೇಳಲಾರೆ. ಆ ಹಳ್ಳಿ ನಾಲೆಗಿಂತ ಎತ್ತರದಲ್ಲಿತ್ತು, ನಾಲೆ ನೀರು ಅಲ್ಲಿಗೆ ಏರುತ್ತಿರಲಿಲ್ಲ, ಹೊಳೆ ಪಕ್ಕದಲ್ಲೇ ಇದ್ದರೂ ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್ ಕಾಯುತ್ತಿತ್ತು. ಹೊಳೆಗೆ ಅಡ್ಡ ಒಂದು ಒಡ್ಡು ಕಟ್ಟಿ ನೀರು ನಿಲ್ಲಿಸಿದರೆ ಸುತ್ತಲ ಬೋರುಗಳಿಗೆ ಜೀವ ಬರುತ್ತದೆ. ಆದರೆ ಗುರುತು ಹಾಕಿದ್ದು ದಿಬ್ಬಕ್ಕಿಂತ ಸ್ವಲ್ಪ ಕೆಳಗೆ. ನೀರು ನಿಂತರೆ ದಿಬ್ಬ ಮುಳುಗುತ್ತದೆ. ಶಾಲೆಯ ಅಂಗಳದಲ್ಲಿ ಊರವರ ಸಭೆ ಕರೆದರು, ಅಕ್ಕ ನನ್ನನ್ನೂ ಕರೆದುಕೊಂಡು ಹೋದರು. ಒಡ್ಡು ಬೇಡ ಎಂದು ಅವರು ಕೇಳಲಿಲ್ಲ. ದಿಬ್ಬಕ್ಕಿಂತ ಮೇಲೆ ಕಟ್ಟಿ, ಆಗದಿದ್ದರೆ ಮರಿ ಹಾರುವವರೆಗೆ ನೀರು ತಡೆಯುವ ಹಲಗೆ ಇಳಿಸಬೇಡಿ, ಇಷ್ಟೇ ಕೇಳಿದ್ದು.

ಎಂಜಿನಿಯರು ವಯಸ್ಸಾದವರು, ಸಮಾಧಾನದವರು. ಹಕ್ಕಿಯ ಮಾತೆಂದು ತಳ್ಳಿಹಾಕುವ ಬದಲು ಒಂದು ಹಾಳೆ ತೆಗೆದರು. “ಮೇಡಂ, ನಾವೂ ವಿಚಾರಿಸಿದ್ದೇವೆ. ಹಿಂದೊಮ್ಮೆ ಇಲ್ಲಿ ಹಕ್ಕಿ ಮೊಟ್ಟೆ ಇಡುತ್ತಿದ್ದದ್ದು ನಿಜ. ಆಮೇಲೆ ಬಂದಿಲ್ಲ. ಸುಮ್ಮನೆ ಹೇಳ್ತಿಲ್ಲ, ವರ್ಷ ವರ್ಷ ಬೇಸಿಗೆಯಲ್ಲಿ ವಾರವಾರವೂ ಬಂದು ನೋಡಿದವರೊಬ್ಬರು ಜಾಲತಾಣದಲ್ಲಿ ಬರೆದಿಟ್ಟಿದ್ದಾರೆ.” ಹೀಗೆಂದು ಅಕ್ಕನ ಹೆಸರನ್ನೇ ಗಟ್ಟಿಯಾಗಿ ಓದಿದರು.

ಅಕ್ಕ ನಿಂತೇ ಇದ್ದರು. “ಅದು ನಾನೇ ಸಾ,” ಅಂದರು. “ಸುಳ್ ಬರ್ದಿದ್ದೆ.”

“ಎಲ್ಲ ವರ್ಷವೂ?”

“ಊಂ ಸಾ. ಹಕ್ಕಿ ಉಳೀಲಿ ಅಂತ.”

ಹಿಂದೆ ಯಾರೋ ನಕ್ಕರು. ಎಂಜಿನಿಯರು ನಗಲಿಲ್ಲ. “ಹಾಗಾದರೆ ಈಗ ಹೇಳುತ್ತಿರುವುದನ್ನು ನಾನು ಏನು ನೋಡಿ ನಂಬಲಿ, ನೀವೇ ಹೇಳಿ. ಒಂದು ಫೋಟೋ ಇದೆಯೇ?”

ಇರಲಿಲ್ಲ. ಸಿದ್ದಣ್ಣ ಎದ್ದು, “ಅವ್ವ ಏಳಾದ್ ದಿಟ ಸಾ, ಹಕ್ಕಿ ಅವೆ,” ಅಂದ. ಪಕ್ಕದವನು ಅವನ ಪಂಚೆ ಹಿಡಿದೆಳೆದು, “ನಿನ್ ಬಲೆ ಜಾಗ ಮುಳುಗ್ತದೆ ಅಂತ ಏಳ್ತಿದ್ದೀಯ, ಕುತ್ಕಳ್ಲಾ,” ಅಂದ. ಆಗ ಹೆಂಗಸರ ಕಡೆಯಿಂದ ಒಬ್ಬಾಕೆ ಎದ್ದರು. ಜಗಳಕ್ಕಲ್ಲ, ಅನುನಯದಿಂದಲೇ ಅಂದರು. “ನೋಡ್ ಕಣವ್ವ, ಹಕ್ಕೀಗ್ ರೆಕ್ಕೆ ಐತೆ, ಬ್ಯಾರೆ ಕಡೀಕ್ ಓಯ್ತದೆ. ನಾವ್ ಕೊಡ ಒತ್ಕಂಡ್ ಎಲ್ಲಿಗ್ ಓಗಾನೆ?”

ಮೊದಲ ವರ್ಷ ಬಂದಿದ್ದ ಆ ಓದಿದ ಹುಡುಗನನ್ನು ಅಕ್ಕ ಹೇಗೋ ಹುಡುಕಿ ಅವನ ಚಿತ್ರ ಕೇಳಿದರು. ಪಾಪ, ಕೂಡಲೇ ಕಳಿಸಿದ. ಚೆಲುವಾದ ಚಿತ್ರ. ಆದರೆ ಅದು ಮೊದಲ ವರ್ಷದ್ದು. ಹಕ್ಕಿ ಆಗ ಇತ್ತು, ಆಮೇಲೆ ಹೋಯಿತು ಎಂಬ ಹಾಳೆಯ ಮಾತನ್ನೇ ಅದು ಗಟ್ಟಿ ಮಾಡಿತು. ಆ ಬೇಸಿಗೆ ಮುಗಿದಿತ್ತು. ಹೊಸ ಚಿತ್ರಕ್ಕೆ ಮುಂದಿನ ಶಿವರಾತ್ರಿಯವರೆಗೆ ಕಾಯಬೇಕು, ಅಷ್ಟರೊಳಗೆ ಒಡ್ಡಿನ ಕೆಲಸ ಶುರುವಾಗಿ ಕಂಬಗಳು ಎದ್ದಿದ್ದವು.

ಆದರೂ ಹಕ್ಕಿಗಳು ಬಂದವು. ಅಷ್ಟು ಸದ್ದಿನ ನಡುವೆಯೂ ಬಂದು ಅದೇ ದಿಬ್ಬದಲ್ಲಿ ಮೊಟ್ಟೆ ಇಟ್ಟವು. ಬಂದ ವಾರವೇ ಅಕ್ಕ ಫೋಟೋ ತೆಗೆದರು. ಆಚೆ ದಡದಿಂದ ಫೋನಿನಲ್ಲಿ ತೆಗೆದದ್ದು, ಬಿಳಿ ಚುಕ್ಕೆಗಳಷ್ಟೇ ಬಂದವು. ಹತ್ತಿರ ಹೋಗಿ ತೆಗೆಯಿರಿ ಎಂದೆ. “ನಾನೂ ಅವ್ರಂಗೇ ಮಕಾಡೆ ಮನಿಕಳ್ಳಾ?” ಎಂದು ರೇಗಿದರು. ಆ ಚುಕ್ಕೆಗಳನ್ನೇ ಹಿಡಿದುಕೊಂಡು ಮಂಡ್ಯದ ಕಚೇರಿಗಳಿಗೆ ಅಲೆದರು. ನೋಡಿದವರು ಬೆಳ್ಳಕ್ಕಿ ಇರಬಹುದು ಅಂದರು.

ಯುಗಾದಿ ಕಳೆದು ಕೆಲವೇ ದಿನಕ್ಕೆ ಮೇಲಿನಿಂದ ನೀರು ಬಿಟ್ಟರು, ಒಡ್ಡಿಗೆ ಹಲಗೆ ಇಳಿಸಿದರು. ಸಿದ್ದಣ್ಣ ಫೋನು ಮಾಡಿದ. ಕೆಲಸದ ದಿನವಾದರೂ ಅಕ್ಕ ರಜೆ ಹಾಕಿ ಹೊರಟರು, ನಾನೂ ಹಿಂದೆ ಕೂತೆ. ನಾವು ಹೋಗುವ ಹೊತ್ತಿಗೆ ದಿಬ್ಬ ಅರ್ಧವಾಗಿತ್ತು. ದಡದಲ್ಲಿ ಊರಿನ ಹೆಂಗಸರು ಪೂಜೆ ಸಾಮಾನು ಹಿಡಿದು ನಿಂತಿದ್ದರು, ಮಕ್ಕಳು ಕುಣಿಯುತ್ತಿದ್ದರು. ಸಿದ್ದಣ್ಣ ಹರಿಗೋಲು ತಂದು ನಿಲ್ಲಿಸಿ, “ಮಂಕ್ರೀಲ್ ತುಂಬ್ಕಂಡ್ ಬಂದ್ಬುಡಾನೇನವ್ವಾ ಮೊಟ್ಟೆಯ?” ಎಂದು ಕೇಳಿದ.

“ತಂದು ಎಲ್ಲಿಗ್ ಇಡ್ತೀಯಪ್ಪ? ಅವು ಬ್ಯಾರೆ ತಾವ ಬಂದ್ ಕೂರಾಕಿಲ್ಲ.”

ನೀರು ಮೆಲ್ಲಗೆ ಬಂತು. ಹೆದರಿಸುವಂಥ ರಭಸವಿಲ್ಲ, ಸದ್ದಿಲ್ಲ. ಅಂಚಿನ ಹಕ್ಕಿಗಳು ಮೊದಲು ಎದ್ದವು. ನಡುವಿನವು ನೀರು ಎದೆಗೆ ಬರುವವರೆಗೆ ಕೂತೇ ಇದ್ದವು, ಆಮೇಲೆ ಎದ್ದವು. ಕೆಲವು ಮೊಟ್ಟೆಗಳು ಮುಳುಗಿದವು. ಕೆಲವು ಮೇಲೆದ್ದು ತೇಲಿದವು. ತೇಲಿದರೆ ಉಳಿಯಬಹುದೇನೋ ಎಂದು ನನಗೆ ಆಸೆಯಾಗಿ ಅಕ್ಕನ ತೋಳು ಹಿಡಿದೆ. ಅವರು ದುರ್ಬೀನು ಕಣ್ಣಿನಿಂದ ತೆಗೆಯದೆಯೇ ಹೇಳಿದರು. “ಒಳ್ಗೆ ಮರಿ ಬಲ್ತಿದ್ರೇನೇ ತೇಲಾದು. ಇನ್ನ ವಸಿ ದಿನುಕ್ಕೆ ಒಡೀತಿದ್ವು.” ಕಣ್ಣು ಒದ್ದೆಯಾಗಿ ನನಗೆ ಮುಂದೆ ಕಾಣಿಸಲಿಲ್ಲ. ಅವರು ಕೊನೆಯವರೆಗೂ ನೋಡಿದರು. ನೋಡುವುದನ್ನು ನಿಲ್ಲಿಸಬಾರದೆಂದು ನನಗೆ ಹೇಳಿದವರು ಅವರೇ ಅಲ್ಲವೇ, ನಿಲ್ಲಿಸಲಿಲ್ಲ.

ಎಲ್ಲ ಮುಗಿದ ಮೇಲೆ ದುರ್ಬೀನು ನನ್ನ ಮಡಿಲಿಗೆ ಹಾಕಿ, “ನೀನ್ ಬರಿ. ನನ್ ಬರವಣಿಗೇನ ಇನ್ಯಾರ್ ನಂಬ್ತಾರೆ?” ಅಂದರು. ಅವರು ಹೇಳುತ್ತ ಹೋದರು, ನಾನು ನನ್ನ ಫೋನಿನಲ್ಲಿ, ನನ್ನ ಹೆಸರಿನಲ್ಲಿ ಬರೆದೆ. ನದಿ ರೀವ. ಮೊಟ್ಟೆಗಳು ನೀರು ಪಾಲಾದವು. ನನ್ನ ಜೀವನದ ಮೊದಲ ಪಟ್ಟಿ ಅದು.

ಎರಡು ದಿನಕ್ಕೆ ಉತ್ತರ ಬಂತು. ಪಟ್ಟಿಗಳನ್ನು ಪರಿಶೀಲಿಸುವವರು ಯಾರೋ ಬಹಳ ಸೌಜನ್ಯದಿಂದ ಬರೆದಿದ್ದರು. ಆ ಜಾಗದಲ್ಲಿ ಹಲವು ವರ್ಷಗಳಿಂದ ರೀವ ಕಂಡಿಲ್ಲ, ಅನುಭವಿಗಳೊಬ್ಬರು ತಪ್ಪದೆ ನೋಡಿದ ದಾಖಲೆ ಇದೆ. ತಾವು ಹೊಸಬರು, ಬೇರೆ ಹಕ್ಕಿಯನ್ನು ಕಂಡು ರೀವ ಎಂದುಕೊಂಡಿರಬಹುದೇ, ಫೋಟೋ ಇದ್ದರೆ ದಯವಿಟ್ಟು ಸೇರಿಸಿ ಎಂದು ಕೇಳಿದ್ದರು. ನಾನು ಸಿಟ್ಟಿನಲ್ಲಿ ಮಾತ್ರೆಯ ಕಿಟಕಿ ಹಾಗೇ ಬಿಟ್ಟು ಲ್ಯಾಬಿಗೆ ನುಗ್ಗಿದೆ. ಅಕ್ಕ ಸೂಕ್ಷ್ಮದರ್ಶಕದಿಂದ ತಲೆ ಎತ್ತಿ, ಕನ್ನಡಕ ಹಾಕಿಕೊಂಡು, ಫೋನು ಇಸಿದುಕೊಂಡು ನಿಧಾನವಾಗಿ ಓದಿದರು.

“ಸರ್ಯಾಗೇ ಕೇಳವ್ರೆ,” ಅಂದರು. “ನಾನಾಗಿದ್ರೂ ಇಂಗೇ ಕೇಳ್ತಿದ್ದೆ.”

“ಮತ್ತೆ ಏನ್ ಬರೀಲಿ ಅಕ್ಕ ಅವ್ರಿಗೆ?”

“ಏನೂ ಬರೀಬ್ಯಾಡ, ತಗ್ದಾಕ್ಬುಡು.” ಫೋನನ್ನು ನನ್ನ ಕೈಗಿಟ್ಟು ಮತ್ತೆ ಸೂಕ್ಷ್ಮದರ್ಶಕಕ್ಕೆ ಬಾಗಿದರು. “ಮುಂದ್ಲ್ ವರ್ಸದಿಂದ ನನ್ ರಿಪೋರ್ಟೇ ದಿಟ ಆಯ್ತದೆ.”